ಲಿವರ್‌ನ್ಯಾಗ ಹೈಡಾಟಿಡ್ ಗಂಟು: ಸೋನೋಗ್ರಫಿನಾ, ಸಿಟಿ ಸ್ಕ್ಯಾನಾ?
ನಮ್ಮ ಕಲಬುರಗಿ ಕಡಿ ಕುರಿ, ನಾಯಿ ಜೋಡಿ ಇರೋರಿಗೆ ಲಿವರ್‌ನ್ಯಾಗ ಹೈಡಾಟಿಡ್ ಗಂಟು (ನಾಯಿ ಹೊಟ್ಟ್ಯಾಗಿನ ಲಾಡಿ ಹುಳದ ಮರಿಯಿಂದ ಆಗೋ ನೀರ್ ತುಂಬಿದ ಗಂಟು) ಅಂತ ಡೌಟ್ ಬಂದ್ರ ಮೊದ್ಲು ಸೋನೋಗ್ರಫಿನೇ ಮಾಡಸ್ರಿ, ರೊಕ್ಕ ಕಮ್ಮಿ, ರೇಡಿಯೇಷನ್ ಇಲ್ಲ, ಮ್ಯಾಲ ಗಂಟಿನೊಳಗ ಮರಿ ಗಂಟು ಅದಾವೋ, ಒಳಗಿನ ಪದರ ಕಳಚಿ ತೇಲ್ಲಾಕತ್ತದೋ ಅನ್ನೋದು ಇದರಾಗೇ ಚಲೋ ಕಾಣ್ತದ. ಡಬ್ಲ್ಯೂಎಚ್‌ಒದ ಸಿಇ1ರಿಂದ ಸಿಇ5ರ ತನಕದ ಹಂತಗಳೂ (ಗಂಟಿನ್ಯಾಗ ಹುಳ ಜೀವಂತ ಅದನೋ, ಸತ್ತದನೋ ಅನ್ನೋ ಅಂದಾಜು ಕೊಡೋವು) ಸೋನೋಗ್ರಫಿ ಮ್ಯಾಲೇ ನಿಂತಾವ, ಗುಳಿಗಿನಾ ಆಪರೇಷನ್ನಾ ಸುಮ್ನ ನೋಡ್ಕೋತ ಇರೋದಾ ಅಂತ ಅದನ್ನ ನೋಡೇ ಠರಾಯಿಸ್ತಾರ. ಸಿಟಿ ಯಾವಾಗ ಅಂದ್ರ, ಗಂಟಿನ ಗೋಡಿ ಸುಣ್ಣ ಕಟ್ಟಿದ್ದು ನೋಡಾಕ, ಆಪರೇಷನ್‌ಗಿಂತ ಮುಂಚೆ, ಇಲ್ಲಾ ಹೊಟ್ಟಿ ಗ್ಯಾಸ್‌ನಿಂದ ಸೋನೋದಾಗ ಕಾಣ್ಲಿಲ್ಲಂದ್ರ. ಪಿತ್ತದ ನಾಳಕ್ಕ ಒಡದದ ಅನಿಸಿದ್ರ ಎಂಆರ್‌ಐ. "ಮೊದ್ಲೇ ಸಿಟಿ ಬರ್ಕೊಡ್ರಿ" ಅಂತ ಹಟ ಹಿಡಿಯೋದು ನಂಗಂತೂ ಸರಿ ಅನ್ಸಲ್ಲ. ಹಾಂ, ಸ್ಕ್ಯಾನ್ ಇಲ್ಲದ ಸೂಜಿ ಚುಚ್ಚಿ ನೀರ್ ತೆಗೆಸಬ್ಯಾಡ್ರಿ, ಒಳಗ ಸೋರಿದ್ರ ಜೋರ್ ಅಲರ್ಜಿ ಆಗಬಹುದು.