ಸನ್ನಿ ಸೈಡ್: ಲೈಸೆನ್ಸ್‌ಗೆ ಕ್ಯೂ ನಿಂತಿದ್ದ ಮನೆ

ಮಡಿಕೇರಿಯ ಸನ್ನಿ ಸೈಡ್‌ಗೆ ನಾನು ಮೊದಲು ಹೋಗಿದ್ದು ಡ್ರೈವಿಂಗ್ ಲೈಸೆನ್ಸ್ ಮಾಡಿಸೋಕೆ. ಆಗ ಅಲ್ಲಿ ಆರ್‌ಟಿಒ ಆಫೀಸ್ ಇತ್ತು. ಇದು ಜನರಲ್ ತಿಮ್ಮಯ್ಯನವರ ಮನೆ ಅನ್ನೋದು ಫಾರಂ ಹಿಡಿದು ನಿಂತಿದ್ದ ನನ್ನ ತಲೆಗೇ ಹೋಗಿರಲಿಲ್ಲ. ಅವರ ಪ್ರತಿಮೆ ಇರೋ ಸರ್ಕಲ್ ಸುತ್ತಿಕೊಂಡೇ ಬಂದಿದ್ದೆ, ನೋಡಿ!

2021ರ ಫೆಬ್ರವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಇದನ್ನು ಮ್ಯೂಸಿಯಂ ಆಗಿ ಉದ್ಘಾಟಿಸಿದರು. ನಾನು ಹೋಗಿದ್ದು ಈ ಮಳೆಗಾಲದಲ್ಲಿ, ಲಾ ಓದುತ್ತಿರುವ ಮಗಳ ಜೊತೆ. ಹೊರಗೆ ಟ್ಯಾಂಕ್, ಯುದ್ಧವಿಮಾನ ಇವೆ, ಮಕ್ಕಳೆಲ್ಲ ಅಲ್ಲೇ. ನನಗೆ ಹಿಡಿಸಿದ್ದು ಹೆಂಚಿನ ಮನೆಯೇ. ಕೋಣೆಯಿಂದ ಕೋಣೆಗೆ ದಾಟುತ್ತಾ ಹೋದರೆ, ಮನೆಯವರು ಡುಬ್ಬು ಅಂತ ಕರೆಯುತ್ತಿದ್ದ ಹುಡುಗ 1957ರಲ್ಲಿ ಸೇನೆಯ ಮುಖ್ಯಸ್ಥ ಆಗುವವರೆಗೆ ಬರುತ್ತೀರಿ.

ಜೋಜಿಲಾ ಕಥೆ ಗೊತ್ತಲ್ವಾ? 1948ರ ನವೆಂಬರ್, ಕಾಶ್ಮೀರಕ್ಕಾಗಿ ಪಾಕಿಸ್ತಾನದ ಜೊತೆ ಯುದ್ಧ, ಲಡಾಖ್‌ಗೆ ಹೋಗೋ ದಾರಿಯಲ್ಲಿ 11,000 ಅಡಿಗೂ ಜಾಸ್ತಿ ಎತ್ತರದ ಕಣಿವೆ, ಹಿಮ. ಅಲ್ಲಿಗೆ ಟ್ಯಾಂಕ್ ಬರುತ್ತೆ ಅಂತ ಎದುರಾಳಿ ಕನಸಲ್ಲೂ ಎಣಿಸಿರಲಿಲ್ಲ. ತಿಮ್ಮಯ್ಯ ಹತ್ತಿಸಿದರು, ತಾವೂ ಮುಂದಿನ ಟ್ಯಾಂಕಿನಲ್ಲೇ ಕೂತರು.

ನಾನು ಅದನ್ನೇ ಹೇಳುತ್ತಿದ್ದರೆ ಮಗಳು ಕೊರಿಯಾದ ವಿಷಯಕ್ಕೆ ಅಂಟಿಕೊಂಡಳು. 1953ರಲ್ಲಿ ಯುದ್ಧ ನಿಂತ ಮೇಲೆ ಊರಿಗೆ ವಾಪಸ್ ಹೋಗಲ್ಲ ಅಂದ ಕೈದಿಗಳು ಸಾವಿರಾರು. ಅವರನ್ನು ನೋಡಿಕೊಂಡ ತಟಸ್ಥ ದೇಶಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು. "ಅಪ್ಪ, ಜಿನೀವಾ ಒಪ್ಪಂದದ 118ನೇ ವಿಧಿಯಲ್ಲಿ, ಯುದ್ಧ ಮುಗಿದ ಕೂಡಲೇ ಕೈದಿಗಳನ್ನು ಬಿಟ್ಟು ವಾಪಸ್ ಕಳಿಸಬೇಕು ಅಂತಿದೆ. ಕೈದಿಯೇ ಬೇಡ ಅಂದ್ರೆ?" ಅಂದಳು. ನನಗೇನು ಗೊತ್ತು! ಬಲವಂತ ಮಾಡಬಾರದು ಅಂತ ಕೊರಿಯಾದಲ್ಲಿ ತೀರ್ಮಾನ ಆಗಿತ್ತಂತೆ, ಅದನ್ನು ಎರಡೂ ಕಡೆಯವರ ಕೂಗಾಟದ ನಡುವೆ ನಡೆಸಿಕೊಡೋ ಕೆಲಸ ನಮ್ಮ ಕೊಡಗಿನವರ ತಲೆ ಮೇಲೆ ಬಿತ್ತು. ಲಾ ಓದೋರು ಇದಕ್ಕಾದರೂ ಇಲ್ಲಿಗೆ ಬರಬೇಕು.

ನಿವೃತ್ತಿಯ ಮೇಲೂ ಸುಮ್ನೆ ಕೂರಲಿಲ್ಲ ಮನುಷ್ಯ. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆ ನಡೆಸುತ್ತಾ 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಮರುವರ್ಷ ಆ ದೇಶ ಅವರ ಹೆಸರಲ್ಲಿ ಅಂಚೆಚೀಟಿ ತಂದಿತು.

"ಇಪ್ಪತ್ತೇ ನಿಮಿಷ ಸಾಕು" ಅಂತ ಯಾರೋ ಹೇಳಿದ್ದನ್ನು ನಂಬಬೇಡಿ, ನಮಗೆ ಎರಡು ಗಂಟೆ ಹಿಡಿಯಿತು. ಕೊಡೆ ಮರೀಬೇಡಿ. ಹೊರಡುವ ಮುಂಚೆ ಲೈಸೆನ್ಸ್ ಕೌಂಟರ್ ಎಲ್ಲಿತ್ತು ಅಂತ ಮಗಳಿಗೆ ತೋರಿಸೋಕೆ ಹೋದೆ. ಎಷ್ಟು ಹುಡುಕಿದರೂ ಗೊತ್ತಾಗಲಿಲ್ಲ.