ಗೋಕುಲಂನ ಒಂದು ಹಚ್ಚೆ ಅಂಗಡಿ: ಸೂಜಿಯ ಕೆಲಸ ಚೊಕ್ಕ, ಧರ್ಮದ ಸಲಹೆ ಅರೆಬರೆ

ಮೈಸೂರಿನ ಗೋಕುಲಂನಲ್ಲಿ, ಮುಖ್ಯರಸ್ತೆಯಿಂದ ಒಳಕ್ಕೆ ಸರಿದ ಅಡ್ಡರಸ್ತೆಯೊಂದರ ಮೊದಲ ಮಹಡಿಯಲ್ಲಿರುವ ಈ ಹಚ್ಚೆ ಅಂಗಡಿಗೆ ಕಾಲೇಜು ಹುಡುಗರಷ್ಟೇ ಅಲ್ಲದೆ ಯೋಗ ಕಲಿಯಲು ಬಂದ ವಿದೇಶಿಯರೂ ಸಾಕಷ್ಟು ಬರುತ್ತಾರೆ. ನಮ್ಮ ಮನೆಯ ಮೇಲ್ಮಹಡಿಯಲ್ಲಿ ಬಾಡಿಗೆಗಿರುವ ಯೆಹೂದಿ ಹೆಣ್ಣುಮಗಳೊಬ್ಬರು ಮುಂಗೈ ಮೇಲೆ ಹಚ್ಚೆ ಹಾಕಿಸಿಕೊಳ್ಳುವ ಯೋಚನೆಯಲ್ಲಿದ್ದು, ಭಾಷೆಗೆ ನೆರವಾಗಲೆಂದು ಕರೆದಾಗ ಅವರ ಜೊತೆಗೆ ಹೋಗಿದ್ದೆ. ಮೆಚ್ಚುಗೆಯೊಂದಿಗೆ ಆಕ್ಷೇಪವನ್ನೂ ಹೇಳಬೇಕಾಗಿರುವುದರಿಂದ ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ.

ಶುಚಿತ್ವದ ವಿಷಯದಲ್ಲಿ ಇವರನ್ನು ಮೆಚ್ಚಲೇಬೇಕು. ಹಬೆಯಿಂದ ಉಪಕರಣಗಳ ಕ್ರಿಮಿಶುದ್ಧಿ ಮಾಡುವ ಆಟೋಕ್ಲೇವ್‌ನಿಂದ ಬಂದ ಪೊಟ್ಟಣದ ಮೇಲಿನ ಪಟ್ಟಿ ಬಣ್ಣ ಬದಲಿಸಿರುವುದನ್ನು ಗಿರಾಕಿಗೆ ತೋರಿಸಿದ ಮೇಲೆಯೇ ಅದನ್ನು ಹರಿಯುತ್ತಾರೆ. ಬಣ್ಣವನ್ನು ಸೀಸೆಯಿಂದ ಬೆರಳ ತುದಿಯಷ್ಟಿರುವ ಬಟ್ಟಲಿಗೆ ಸುರಿದುಕೊಂಡು, ಉಳಿದುದನ್ನು ಮುಂದಿನವರಿಗೆ ಇಟ್ಟುಕೊಳ್ಳದೆ ಚೆಲ್ಲುತ್ತಾರೆ. ಬಳಸಿದ ಸೂಜಿ ಗಿರಾಕಿಯ ಕಣ್ಣೆದುರೇ ಗಟ್ಟಿ ಪ್ಲಾಸ್ಟಿಕ್ಕಿನ ಬಿಳಿ ಡಬ್ಬಿಗೆ ಬೀಳುತ್ತದೆ. ಕಿವಿ, ಮೂಗು ಚುಚ್ಚುವುದಕ್ಕೆ ಸ್ಪ್ರಿಂಗಿನ ಗನ್ ಇಟ್ಟಿಲ್ಲ. ಟೊಳ್ಳು ಸೂಜಿಯಿಂದಲೇ ಚುಚ್ಚುತ್ತಾರೆ. ಇಷ್ಟನ್ನೂ ಕೇಳದೆಯೇ ತೋರಿಸುವ ಅಂಗಡಿಗಳು ನಮ್ಮೂರಿನಲ್ಲಿ ಹೆಚ್ಚಿಲ್ಲ.

ಆಕ್ಷೇಪವಿರುವುದು ಅವರು ಪ್ರತಿ ಹೊಸ ಗಿರಾಕಿಯ ಕೈಗೂ ಕೊಡುವ ಮುದ್ರಿತ ಹಾಳೆಯ ಬಗ್ಗೆ. ಹಚ್ಚೆಯ ಕುರಿತು ಯಾವ ಧರ್ಮ ಏನು ಹೇಳುತ್ತದೆ ಎಂಬುದನ್ನು ತಿಳಿಸಿ, ‘ಮನೆಯವರೊಡನೆ ಮಾತಾಡಿ ಬನ್ನಿ’ ಎಂದು ಸೂಚಿಸುವ ಹಾಳೆ ಅದು. ಗಿರಾಕಿಯನ್ನು ಅವಸರಪಡಿಸದ ಈ ಕ್ರಮ ಒಳ್ಳೆಯದೇ. ಆದರೆ ಯೆಹೂದಿ ಧರ್ಮದ ಬಗ್ಗೆ ಅದರಲ್ಲಿರುವ ನಾಲ್ಕಾರು ಸಾಲುಗಳು ಇಲ್ಲದ ನಿಷೇಧವನ್ನು ಹೇಳಿ ಹೆದರಿಸುತ್ತವೆ, ಇರುವ ನಿಷೇಧವನ್ನು ಹಗುರ ಮಾಡುತ್ತವೆ.

ಹಚ್ಚೆಯುಳ್ಳವರಿಗೆ ಯೆಹೂದಿ ಸ್ಮಶಾನದಲ್ಲಿ ಜಾಗವಿಲ್ಲ ಎಂಬುದು ಅದರ ಮೊದಲ ಸಾಲು. ಯೆಹೂದಿಗಳ ಮನೆಮನೆಯಲ್ಲೂ ಓಡಾಡುವ ಮಾತೇ ಇದು. ನಮ್ಮ ಬಾಡಿಗೆದಾರರೂ ಚಿಕ್ಕಂದಿನಿಂದ ಅದನ್ನು ಕೇಳಿಕೊಂಡೇ ಬೆಳೆದವರು. ಆದರೆ ಧರ್ಮಶಾಸ್ತ್ರದಲ್ಲಿ ಇದಕ್ಕೆ ಆಧಾರವಿಲ್ಲ. ಹಚ್ಚೆ ಹಾಕಿಸಿಕೊಳ್ಳುವುದು ತಪ್ಪು ಎನ್ನುವ ರಬ್ಬಿಗಳೂ (ಯೆಹೂದಿ ಧರ್ಮಗುರುಗಳು) ಅದಕ್ಕಾಗಿ ಹೆಣಕ್ಕೆ ಮಣ್ಣು ನಿರಾಕರಿಸಬೇಕೆಂದು ಹೇಳುವುದಿಲ್ಲ. ಅಮೆರಿಕದ ಕನ್ಸರ್ವೇಟಿವ್ ಎಂಬ ಯೆಹೂದಿ ಪಂಥದ ರಬ್ಬಿಗಳು 1997ರಲ್ಲಿ ಒಪ್ಪಿದ ಧರ್ಮನಿರ್ಣಯವೂ ಹಚ್ಚೆಯ ನಿಷೇಧವನ್ನು ಹಾಗೆಯೇ ಉಳಿಸಿಕೊಂಡು, ಹಾಕಿಸಿಕೊಂಡವರಿಗೆ ಶವಸಂಸ್ಕಾರವನ್ನಾಗಲಿ ಪ್ರಾರ್ಥನಾಮಂದಿರದ ಪಾಲನ್ನಾಗಲಿ ತಪ್ಪಿಸಬಾರದೆಂದು ಸ್ಪಷ್ಟಪಡಿಸಿತು. ಸತ್ತಾಗ ಜೊತೆಗೆ ಬರುವ ಒಡವೆ ಹಚ್ಚೆಯೊಂದೇ ಎನ್ನುತ್ತ ಕೊರವಂಜಿಯ ಮುಂದೆ ಕೈಚಾಚಿ ಕೂತ ಮಂಡ್ಯ ಸೀಮೆಯ ನಮ್ಮ ಅಜ್ಜಿಯರು ಈ ಸಾಲನ್ನು ಓದಿದ್ದರೆ ನಕ್ಕುಬಿಡುತ್ತಿದ್ದರು.

ಹಾಳೆಯ ಎರಡನೆಯ ಸಾಲು ಇದಕ್ಕೆ ತದ್ವಿರುದ್ಧವಾಗಿ ಸಡಿಲ. ಸತ್ತವರ ನೆನಪಿಗಾಗಿ ಹಾಕಿಸಿದ ಹಚ್ಚೆಗೆ ಮಾತ್ರ ನಿಷೇಧವಿದೆ, ಅಲಂಕಾರಕ್ಕಾದರೆ ಅಡ್ಡಿಯಿಲ್ಲ ಎಂದು ಅದು ಹೇಳುತ್ತದೆ. ಯೆಹೂದಿ ಪವಿತ್ರಗ್ರಂಥವಾದ ತೋರಾದ ಯಾಜಕಕಾಂಡದಲ್ಲಿ 19ನೇ ಅಧ್ಯಾಯದ 28ನೇ ವಚನವನ್ನು ಅವಸರದಲ್ಲಿ ಓದಿದವರಿಗೆ ಹೀಗೆ ತೋರುವುದು ಸಹಜ. ಆ ವಚನದಲ್ಲಿ ಎರಡು ಆಜ್ಞೆಗಳಿವೆ: ಸತ್ತವರಿಗಾಗಿ ಮೈಯನ್ನು ಕೊಯ್ದುಕೊಳ್ಳಬಾರದು ಎಂಬುದೊಂದು, ಮೈಮೇಲೆ ಹಚ್ಚೆಯ ಬರಹ ಹಾಕಿಕೊಳ್ಳಬಾರದು ಎಂಬುದಿನ್ನೊಂದು. ಸತ್ತವರ ಪ್ರಸ್ತಾಪವಿರುವುದು ಮೊದಲನೆಯದರಲ್ಲಿ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ, ಯೆಹೂದಿಗಳ ಮೌಖಿಕ ಶಾಸ್ತ್ರದ ಸಂಗ್ರಹವಾದ ಮಿಷ್ನಾದ ಮಕ್ಕೋತ್ ಭಾಗವು ಎರಡನೆಯದನ್ನು ಕುಶಲಕರ್ಮಿಯ ಕಣ್ಣಿನಿಂದಲೇ ನೋಡುತ್ತದೆ: ಬರಿದೆ ಬರೆದರೂ ಸಾಲದು, ಬರಿದೆ ಚುಚ್ಚಿದರೂ ಸಾಲದು, ಚುಚ್ಚಿದ ಚರ್ಮದೊಳಗೆ ಶಾಯಿಯನ್ನೋ ಕಾಡಿಗೆಯನ್ನೋ ಗುರುತುಳಿಸುವ ಮತ್ತೊಂದು ಬಣ್ಣವನ್ನೋ ಸೇರಿಸಿದಾಗ ಮಾತ್ರ ಛಡಿಯೇಟಿನ ಅಪರಾಧವಾಗುತ್ತದೆ. ದೇವರ ಹೆಸರನ್ನು ಬರೆದರೆ ಮಾತ್ರ ಶಿಕ್ಷೆ ಎಂಬ ರಬ್ಬಿ ಶಿಮೋನರ ಅಭಿಪ್ರಾಯವನ್ನೂ ಅಲ್ಲಿಯೇ ದಾಖಲಿಸಲಾಗಿದೆಯಾದರೂ ಮುಂದಿನ ಶಾಸ್ತ್ರಕಾರರು ಅದರಂತೆ ನಡೆಯಲಿಲ್ಲ. 16ನೇ ಶತಮಾನದ ಯೆಹೂದಿ ಧರ್ಮನಿಯಮಗಳ ಸಂಹಿತೆಯಾದ ಶುಲ್ಖಾನ್ ಆರೂಖ್ ಹಚ್ಚೆಗೆ ಒಂದು ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟಿದೆ, ಅಲಂಕಾರಕ್ಕೆಂದು ವಿನಾಯಿತಿ ಕೊಟ್ಟಿಲ್ಲ.

ಈ ನಿಷೇಧ ಏಕೆ ಹುಟ್ಟಿತೆಂಬುದಕ್ಕೆ 12ನೇ ಶತಮಾನದ ಯೆಹೂದಿ ಶಾಸ್ತ್ರಕಾರ ಮೈಮೊನಿಡಿಸ್ ಕೊಟ್ಟ ವಿವರಣೆಯ ಮುಂದೆ ನಾನು ಸ್ವಲ್ಪ ಹೊತ್ತು ನಿಂತೆ. ಅನ್ಯದೇವತೆಗಳನ್ನು ಪೂಜಿಸುವವರು ತಾವು ಆ ದೇವತೆಗೆ ಮಾರಿಹೋದ ಗುಲಾಮರೆಂದು ತೋರಿಸಲು ಮೈಮೇಲೆ ಗುರುತು ಹಾಕಿಸಿಕೊಳ್ಳುತ್ತಿದ್ದರು, ಆ ಪದ್ಧತಿಯಿಂದ ದೂರವಿರಲೆಂದೇ ಈ ಆಜ್ಞೆ ಎನ್ನುತ್ತಾರೆ ಅವರು. ಕಾಸಿದ ಶಂಖಚಕ್ರಗಳ ಮುದ್ರೆಯನ್ನು ತೋಳುಗಳ ಮೇಲೆ ಒತ್ತಿಸಿಕೊಂಡು ಭಗವಂತನ ದಾಸರಾಗುವ ಶ್ರೀವೈಷ್ಣವ ಸಂಸ್ಕಾರವನ್ನು ಮೇಲುಕೋಟೆಯ ನೆರೆಯಲ್ಲಿರುವ ನಾವು ಬಲ್ಲೆವು. ಇಲ್ಲಿ ದೀಕ್ಷೆಯಾಗಿರುವ ಭಾವವೇ ಅಲ್ಲಿ ದೂರವಿಡಬೇಕಾದದ್ದಾಯಿತು. ಹಾಗೆಂದು ಯೆಹೂದಿ ಧರ್ಮಕ್ಕೆ ದೇಹದ ಮೇಲಿನ ಗುರುತೇ ಆಗದು ಎನ್ನುವಂತಿಲ್ಲ. ಗಂಡುಮಗುವಿಗೆ 8ನೇ ದಿನ ಸುನ್ನತಿ ಮಾಡಿಸುವುದು ಯೆಹೂದಿಗಳ ಮೂಲಪುರುಷ ಅಬ್ರಹಾಮನೊಡನೆ ದೇವರು ಮಾಡಿಕೊಂಡ ಒಡಂಬಡಿಕೆಯ ಗುರುತು. ಹಾಳೆಯಲ್ಲಿ ಇದರ ಸುಳಿವೇ ಇಲ್ಲ.

ಇನ್ನೊಂದು ಕೊರತೆ ಹಾಳೆಯಿಂದಾಚೆಗೆ, ಕುರ್ಚಿಯ ಪಕ್ಕದಲ್ಲಿ ಕಂಡಿತು. ಮಾದರಿಗಳ ಪುಸ್ತಕ ತಿರುವಿಹಾಕುತ್ತಿದ್ದ ಕಲಾವಿದ, ‘ಹುಟ್ಟಿದ ದಿನಾಂಕವನ್ನು ಬರಿಯ ಅಂಕಿಗಳಲ್ಲಿ ಎಡ ಮುಂಗೈ ಮೇಲೆ ಹಾಕೋಣವೇ ಮೇಡಂ, ಈಗ ಎಲ್ಲರೂ ಅದನ್ನೇ ಕೇಳುತ್ತಾರೆ’ ಎಂದು ಉತ್ಸಾಹದಿಂದ ಹೇಳಿದರು. ಆಕೆ ಕೈಯನ್ನು ಹಿಂದಕ್ಕೆಳೆದುಕೊಂಡರು. ಯೆಹೂದಿಗಳ ಸಾಮೂಹಿಕ ಹತ್ಯೆ ನಡೆದ ನಾಜಿಗಳ ಆಶ್ವಿಟ್ಜ್ ಶಿಬಿರದಲ್ಲಿ ಕೈದಿಗಳ ಎಡ ಮುಂಗೈ ಮೇಲೆ ಕ್ರಮಸಂಖ್ಯೆಯನ್ನು ಹಚ್ಚೆಯಾಗಿ ಚುಚ್ಚಲಾಗುತ್ತಿತ್ತು. ಈ ಪದ್ಧತಿ 1941ರಲ್ಲಿ ಸೋವಿಯತ್ ಯುದ್ಧಕೈದಿಗಳಿಂದ ಎದೆಯ ಮೇಲಿನ ಗುರುತಾಗಿ ಮೊದಲಾಯಿತು. ಅಲ್ಲಿ ಒಟ್ಟು ನಾಲ್ಕು ಲಕ್ಷಕ್ಕೂ ಹೆಚ್ಚು ಕ್ರಮಸಂಖ್ಯೆಗಳನ್ನು ಕೊಡಲಾಗಿತ್ತು. ಬಲವಂತದಿಂದ ಹಚ್ಚೆ ಹಾಕಿಸಿಕೊಂಡವರ ಮೇಲೆ ಯೆಹೂದಿ ಶಾಸ್ತ್ರ ಯಾವ ದೋಷವನ್ನೂ ಹೊರಿಸುವುದಿಲ್ಲ. ನಿಷೇಧ ಆ ಶಿಬಿರಗಳಿಗಿಂತ ಎಷ್ಟೋ ಶತಮಾನ ಹಳೆಯದಾದರೂ, ಇಂದಿನ ಅನೇಕ ಯೆಹೂದಿ ಮನೆಗಳಲ್ಲಿ ಹಚ್ಚೆಯೆಂದರೆ ಮುಖ ಬಿಗಿಯುವುದಕ್ಕೆ ಶಾಸ್ತ್ರದಷ್ಟೇ ಈ ನೆನಪೂ ಕಾರಣ. ಕಲಾವಿದನಿಗೆ ಇದು ತಿಳಿದಿರಲಿಲ್ಲವೆಂದು ದೂರುವುದು ಸರಿಯಲ್ಲ. ಆದರೆ ಧರ್ಮದ ಸಲಹೆಯನ್ನು ಅಚ್ಚುಹಾಕಿಸಿ ಹಂಚುವ ಅಂಗಡಿಗೆ ಇಷ್ಟಾದರೂ ತಿಳಿದಿರಬೇಕು.

ಕಿವಿ, ಮೂಗು ಚುಚ್ಚಿಸಿಕೊಳ್ಳುವುದನ್ನೂ ಗೋರಂಟಿಯನ್ನೂ ಹಾಳೆ ಹಚ್ಚೆಯ ಜೊತೆಗೇ ಸೇರಿಸಿಬಿಟ್ಟಿದೆ. ಆದಿಕಾಂಡದ 24ನೇ ಅಧ್ಯಾಯದಲ್ಲಿ ಅಬ್ರಹಾಮನ ಸೇವಕ ರೆಬೆಕ್ಕಳಿಗೆ ಚಿನ್ನದ ಮೂಗುತಿಯನ್ನೂ ಬಳೆಗಳನ್ನೂ ಕೊಡುತ್ತಾನೆ, ಅದರಲ್ಲಿ ಯಾರೂ ದೋಷ ಕಂಡಿಲ್ಲ. ಗಂಡಸರು ಚುಚ್ಚಿಸಿಕೊಂಡರೆ ಹೆಂಗಸರ ಅಲಂಕಾರವನ್ನು ಅನುಕರಿಸಿದಂತಾಗುವುದೇ ಎಂಬ ಚರ್ಚೆ ಇದೆ, ಅದು ಬೇರೆಯ ನಿಯಮದ ಮಾತು. ಗೋರಂಟಿಯಂತೂ ಚರ್ಮದೊಳಕ್ಕೆ ಇಳಿಯುವುದಿಲ್ಲ. ಕೊಂಕಣ ಕರಾವಳಿ ಮೂಲದ ಬೆನೆ ಇಸ್ರೇಲ್ ಯೆಹೂದಿಗಳಲ್ಲಿ ಮದುವೆಗೆ ಮೊದಲು ಮೆಹಂದಿ ಶಾಸ್ತ್ರವೇ ನಡೆಯುತ್ತದೆ.

ಇದೇ ಅಂಗಡಿಯವರು ಮಾಡುವ ಹುಬ್ಬಿನ ಮೈಕ್ರೋಬ್ಲೇಡಿಂಗ್ (ಸಣ್ಣ ಗೀರುಗಳಲ್ಲಿ ಬಣ್ಣ ತುಂಬಿ ಹುಬ್ಬು ತಿದ್ದುವುದು) ಬಗ್ಗೆ ಮಾತ್ರ ಹಾಳೆ ಧಾರಾಳವಾಗಿ ‘ಇದು ಮೇಕಪ್ ಅಷ್ಟೆ’ ಎಂದು ಬರೆದುಕೊಂಡಿದೆ. ವ್ಯಾಪಾರದ ವಾಸನೆ ಇಲ್ಲಿ ಸ್ವಲ್ಪ ಹೆಚ್ಚೇ. ಬಣ್ಣ ಚರ್ಮದೊಳಗೆ ಸೇರುವುದರಿಂದ, ಕಾಲಕ್ರಮದಲ್ಲಿ ಮಾಸಿದರೂ ಇದನ್ನು ಹಚ್ಚೆಯೆಂದೇ ಎಣಿಸುವ ರಬ್ಬಿಗಳಿದ್ದಾರೆ, ಗಾಯದ ಕಲೆ ಮರೆಮಾಡುವಂಥ ಸಂದರ್ಭಗಳಲ್ಲಿ ಒಪ್ಪುವವರೂ ಇದ್ದಾರೆ. ಕ್ಯಾನ್ಸರಿನ ವಿಕಿರಣ ಚಿಕಿತ್ಸೆಗೆಂದು ಹಾಕುವ ಚುಕ್ಕೆಗಳಿಗೆ ಸಾಮಾನ್ಯವಾಗಿ ಅನುಮತಿಯಿದೆ. ಸೌಂದರ್ಯಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಯಲ್ಲೂ ಹೀಗೆಯೇ ಎರಡು ಪಕ್ಷ: ರಬ್ಬಿ ಮೋಶೆ ಫೈನ್‌ಸ್ಟೈನ್ ಒಬ್ಬ ಹುಡುಗಿಯ ವಿಷಯದಲ್ಲಿ ಅದಕ್ಕೆ ಒಪ್ಪಿಗೆ ಕೊಟ್ಟರೆ, ಜೆರುಸಲೇಮಿನ ರಬ್ಬಿ ಎಲಿಯೆಜರ್ ವಾಲ್ಡೆನ್‌ಬರ್ಗ್ ವಿರೋಧಿಸಿದರು.

ನಮ್ಮ ಬಾಡಿಗೆದಾರರು ಹಚ್ಚೆಯನ್ನು ಬಿಟ್ಟು ಮೂಗು ಚುಚ್ಚಿಸಿಕೊಂಡರು. ಅಂಗಡಿಯವರು ಮೊದಲು ಶನಿವಾರದ ಸಮಯ ಕೊಟ್ಟಿದ್ದರು. ಅದು ಯೆಹೂದಿಗಳ ವಿಶ್ರಾಂತಿಯ ಸಬ್ಬತ್ ದಿನ, ಅಂದು ರಕ್ತ ಬರುವಂತೆ ಚುಚ್ಚಿಸಿಕೊಳ್ಳುವಂತಿಲ್ಲ, ಹಣವನ್ನೂ ಮುಟ್ಟುವಂತಿಲ್ಲ ಎಂದು ತಿಳಿಸಿದೊಡನೆ ಹೆಚ್ಚಿನ ಶುಲ್ಕ ಕೇಳದೆ ಭಾನುವಾರಕ್ಕೆ ಬದಲಿಸಿಕೊಟ್ಟರು. ಹಚ್ಚೆಗೆಂದು ಕೊಟ್ಟಿದ್ದ ಮುಂಗಡವನ್ನು ಇದಕ್ಕೇ ವಜಾ ಮಾಡಿಕೊಂಡರು. ಟೈಟೇನಿಯಂ ನತ್ತು, ಉಪ್ಪುನೀರಿನ ಸೀಸೆ, ಆರೈಕೆಯ ಚೀಟಿ ಎಲ್ಲವೂ ಅದೇ ದರದಲ್ಲಿ ಸೇರಿತ್ತು. ಹಾಳೆಯ ತಪ್ಪುಗಳನ್ನು ಹೇಳಿದಾಗ ಮಾಲೀಕರು ಬೇಸರಿಸದೆ ಪೆನ್ನು ತೆಗೆದು ಅಂಚಿನಲ್ಲಿ ಗುರುತು ಹಾಕಿಕೊಂಡರು, ಆದರೆ ಹೊರಡುವಾಗಲೂ ಹಳೆಯ ಹಾಳೆಗಳ ಕಟ್ಟು ಮೇಜಿನ ಮೇಲೆಯೇ ಇತ್ತು. ಕೆಲಸಕ್ಕೆ ಐದರಲ್ಲಿ ನಾಲ್ಕೂವರೆ ಅಂಕ ಕೊಡಬಹುದು, ಹಾಳೆಗೆ ಒಂದೂವರೆ. ಸಂಜೆ ಜನ ಹೆಚ್ಚಾಗಿ ನಿಧಾನವಾಗುವುದರಿಂದ ಹೋಗುವವರು ಬೆಳಗಿನ ಸಮಯವನ್ನೇ ಕೇಳಿ ಪಡೆಯುವುದು ಒಳ್ಳೆಯದು.