ಪ್ರಿಂಟಿನಿಂದ ಎತ್ತಿದ 1977: 4ಕೆ77 ಆವೃತ್ತಿಯನ್ನು ನೋಡಿದ ಮೇಲೆ

ಅಮೆರಿಕದಲ್ಲಿ 1977ರ ಮೇ 25ರಂದು ತೆರೆಕಂಡ 'ಸ್ಟಾರ್ ವಾರ್ಸ್' ಚಿತ್ರವನ್ನು ಅಂದಿನ ಪ್ರೇಕ್ಷಕರು ನೋಡಿದ ರೂಪದಲ್ಲಿ ನೋಡುವುದು ಬಹುಕಾಲ ಕಷ್ಟವೇ ಆಗಿತ್ತು. 1997ರಲ್ಲಿ ಅದಕ್ಕೆ ಕಂಪ್ಯೂಟರ್ ಚಿತ್ರಿಕೆಗಳನ್ನೂ ಹೊಸ ದೃಶ್ಯಗಳನ್ನೂ ಸೇರಿಸಿದ ಮೇಲೆ ಮಾರುಕಟ್ಟೆಗೆ ಬಂದದ್ದು ಬಹುಮಟ್ಟಿಗೆ ಆ ತಿದ್ದಿದ ಪ್ರತಿಯೇ. 2006ರ ಡಿವಿಡಿಯಲ್ಲಿ ಮೂಲರೂಪ ಸಿಕ್ಕಿತಾದರೂ, ಅದನ್ನು 1993ರ ಲೇಸರ್‌ಡಿಸ್ಕ್‌ಗೆಂದು (ಡಿವಿಡಿಗೂ ಮುಂಚಿನ ದೊಡ್ಡ ವಿಡಿಯೋ ತಟ್ಟೆ) ಮಾಡಿದ ಮಾಸ್ಟರ್ ಪ್ರತಿಯಿಂದ ತೆಗೆದಿದ್ದರಿಂದ ಚಿತ್ರ ಮಸುಕಾಗಿತ್ತು. ಈ ಕೊರತೆಯನ್ನು ನೀಗಲು ಅಭಿಮಾನಿಗಳೇ ಚಿತ್ರಮಂದಿರದ 35 ಎಂಎಂ ಪ್ರಿಂಟನ್ನು, ಅಂದರೆ ಪ್ರದರ್ಶನಕ್ಕೆ ಬಳಸುತ್ತಿದ್ದ ಫಿಲ್ಮ್ ಪ್ರತಿಯನ್ನು, ಸ್ಕ್ಯಾನ್ ಮಾಡಿ, ಶುಚಿಗೊಳಿಸಿ ರೂಪಿಸಿದ್ದು 4ಕೆ77.

ಕಳೆದ ಮಳೆಗಾಲದಲ್ಲಿ ಬದಿಯಡ್ಕದ ನಮ್ಮ ಮನೆಯಲ್ಲಿ ಇದನ್ನು ದೊಡ್ಡಪ್ಪನ ಜೊತೆ ಕುಳಿತು ನೋಡಿದೆ. ಅವರು ಟಾಕೀಸೊಂದರಲ್ಲಿ ಆಪರೇಟರ್ ಆಗಿದ್ದವರು. ಪ್ರೊಜೆಕ್ಟರಿನ ಬೆಳಕಿಗೆ ಕಾರ್ಬನ್ ಕಡ್ಡಿ ಉರಿಸಿ, ತೆರೆಯ ಬಲಮೂಲೆಯಲ್ಲಿ ಚುಕ್ಕೆ ಕಂಡೊಡನೆ ಒಂದು ಯಂತ್ರದಿಂದ ಇನ್ನೊಂದಕ್ಕೆ ರೀಲು ಬದಲಿಸುತ್ತಿದ್ದವರು. ಹತ್ತು ನಿಮಿಷ ಸುಮ್ಮನೆ ನೋಡಿ, "ಇದು ಪ್ರಿಂಟೇ ಮಾರಾಯ, ಆ ಕಪ್ಪು ನೋಡು" ಎಂದರು.

ಅವರ ಮಾತು ಈ ಆವೃತ್ತಿಯ ಗುಣವನ್ನೂ ಮಿತಿಯನ್ನೂ ಒಟ್ಟಿಗೆ ಹೇಳುತ್ತದೆ. ಮೂಲ ನೆಗೆಟಿವ್‌ನಿಂದ, ಪ್ರತಿಯಿಂದ ಪ್ರತಿಯಾಗಿ, ಕೆಲವು ತಲೆಮಾರು ದಾಟಿ ಬರುವ ಪ್ರಿಂಟಿನಲ್ಲಿ ಕಪ್ಪು ಗಾಢವಾಗುತ್ತದೆ, ನೆರಳಿನೊಳಗಿನ ಸೂಕ್ಷ್ಮ ವಿವರಗಳು ಮುಚ್ಚಿಹೋಗುತ್ತವೆ. ಬಾಹ್ಯಾಕಾಶದ ದೃಶ್ಯಗಳಿಗೆ ಅದು ಒಪ್ಪುತ್ತದೆ. ಕತ್ತಲೆಯ ಒಳಾಂಗಣಗಳಲ್ಲಿ ಮಾತ್ರ ಮುಖಗಳನ್ನು ಹುಡುಕಬೇಕಾಯಿತು. ಬಣ್ಣದ ವಿಷಯದಲ್ಲಿ ನನಗೆ ಯಾವ ದೂರೂ ಇಲ್ಲ. ಆಗಿನ ಈಸ್ಟ್‌ಮನ್‌ಕಲರ್ ಪ್ರಿಂಟುಗಳಲ್ಲಿ ನೀಲಿ-ಹಸಿರು ವರ್ಣದ್ರವ್ಯ ಬೇಗ ಮಾಸಿ ಚಿತ್ರವೆಲ್ಲ ಗುಲಾಬಿಯಾಗುತ್ತದೆ. ದೊಡ್ಡಪ್ಪ ಅಟ್ಟದಲ್ಲಿಟ್ಟಿದ್ದ ಫಿಲ್ಮ್ ತುಂಡುಗಳೂ ಹಾಗೆಯೇ ಆಗಿವೆ, ಡಬ್ಬಿ ತೆರೆದರೆ ವಿನೆಗರ್ ವಾಸನೆ ಮೂಗಿಗೆ ಬಡಿಯುತ್ತದೆ. ನಮ್ಮ ಕಾಸರಗೋಡಿನ ತೇವ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಈ ಫಿಲ್ಮಿಗೆ ದೊಡ್ಡ ಶತ್ರು. ಈ ತಂಡ ಮುಖ್ಯವಾಗಿ ಬಳಸಿದ್ದು ಟೆಕ್ನಿಕಲರ್ ವಿಧಾನದ ಪ್ರಿಂಟು. ಅದರಲ್ಲಿ ಬಣ್ಣಗಳನ್ನು ಒಂದೊಂದಾಗಿ ಫಿಲ್ಮಿನ ಮೇಲೆ ಒತ್ತುವುದರಿಂದ ಅವು ದಶಕಗಳ ನಂತರವೂ ಮಾಸುವುದಿಲ್ಲ. ಮರುಭೂಮಿಯ ಮರಳು ಮರಳಿನ ಬಣ್ಣದಲ್ಲಿಯೇ ಕಂಡದ್ದಕ್ಕೆ ಇದೇ ಕಾರಣ.

121 ನಿಮಿಷಗಳ ಚಿತ್ರವೆಂದರೆ, ಸೆಕೆಂಡಿಗೆ 24ರಂತೆ, ಸುಮಾರು 1.74 ಲಕ್ಷ ಚೌಕಟ್ಟುಗಳು. ಅಷ್ಟನ್ನೂ ಬಿಡುವಿನ ವೇಳೆಯಲ್ಲಿ ಶುಚಿಗೊಳಿಸಿದವರ ಶ್ರಮದ ಮುಂದೆ ಅಲ್ಲಲ್ಲಿ ಉಳಿದಿರುವ ಗೀರು, ದೂಳಿನ ಚುಕ್ಕೆಗಳು ನನಗೆ ದೋಷವೆನಿಸಲಿಲ್ಲ. ಗ್ರೈನ್ (ಫಿಲ್ಮಿನಲ್ಲಿ ಸಹಜವಾಗಿ ಕಾಣುವ ಸಣ್ಣ ಕಣಗಳು) ತಗ್ಗಿಸಿದ ಪ್ರತಿಯೂ ಹಾಗೆಯೇ ಬಿಟ್ಟ ಪ್ರತಿಯೂ ಇವೆ; ಎರಡನೆಯದನ್ನೇ ನೋಡಬೇಕೆಂದು ನನ್ನ ಸಲಹೆ. ಆರಂಭದ ಅಕ್ಷರಪಟ್ಟಿಯಲ್ಲಿ 1981ರಲ್ಲಿ ಸೇರಿದ 'ನಾಲ್ಕನೆಯ ಅಧ್ಯಾಯ' ಎಂಬ ಸಾಲು ಇಲ್ಲಿ ಇಲ್ಲದಿರುವುದನ್ನು ಕಂಡು ನಿಜವಾಗಿ ಸಂತೋಷಪಟ್ಟೆ.

ಚಿತ್ರದ ಹಕ್ಕು ಅದನ್ನು ನಿರ್ಮಿಸಿದ ಸಂಸ್ಥೆಯದೇ ಆದ್ದರಿಂದ ಇದು ಅಧಿಕೃತ ಆವೃತ್ತಿಯಲ್ಲ. ನೋಡುವವರು ಅಧಿಕೃತ ಡಿಸ್ಕನ್ನು ಕೊಂಡಿರಬೇಕು, ಇದನ್ನು ಯಾರಾದರೂ ಹಣಕ್ಕೆ ಮಾರಿದರೆ ಕೊಳ್ಳಬಾರದು.

ನಮ್ಮ 'ಘಟಶ್ರಾದ್ಧ'ವೂ 1977ರದೇ. ಸಂಸ್ಥೆಗಳ ನೆರವಿನಿಂದ ಪುನರುಜ್ಜೀವನಗೊಂಡ ಅದು 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಅಂಥ ನೆರವು ಸಿಗದ ಕನ್ನಡ ಚಿತ್ರಗಳ ಪ್ರಿಂಟುಗಳು ಎಲ್ಲೆಲ್ಲಿ ಉಳಿದಿರಬಹುದೆಂದು ಆ ರಾತ್ರಿ ದೊಡ್ಡಪ್ಪನನ್ನು ಕೇಳಿದೆ. ಅವರು ತಾವು ಕೆಲಸ ಮಾಡಿದ, ಈಗ ಬಾಗಿಲು ಹಾಕಿರುವ ಟಾಕೀಸುಗಳ ಹೆಸರುಗಳನ್ನು ಒಂದೊಂದಾಗಿ ಹೇಳತೊಡಗಿದರು, ನಾನು ಬರೆದುಕೊಂಡೆ.